ದೂರಿನ ಪುಸ್ತಕ ಇಟ್ಟ ಮೇಯರ್

ಕಳೆದ ತಿಂಗಳು ನಮ್ಮ ಓಣಿಯ ಬೀದಿ ದೀಪ ಕೆಟ್ಟಿತ್ತು. ದೂರು ಕೊಡಲು ಕಚೇರಿಗೆ ಹೋದೆ. ಕಿಟಕಿಯ ಪಕ್ಕ ಒಂದು ದಪ್ಪ ರಿಜಿಸ್ಟರ್, ಅದಕ್ಕೆ ದಾರದಲ್ಲಿ ಕಟ್ಟಿದ ಬಾಲ್‌ಪೆನ್ನು. "ಬರ್ದು ಹೋಗ್ರಿ ಸರ್" ಅಂದರು. ಬರೆಯಲು ಬಗ್ಗಿದರೆ ನನ್ನ ಮೇಲಿನ ಸಾಲಿನಲ್ಲೇ ಅದೇ ಕಂಬದ ನಂಬರ್, ಅದೇ ದೂರು, ಇಪ್ಪತ್ತು ದಿನ ಹಿಂದಿನ ತಾರೀಖು, ಪಕ್ಕದ ಮನೆಯವರ ಸಹಿ. ನಾನೂ ಬರೆದೆ, ನಾನೂ ಸಹಿ ಹಾಕಿದೆ. ಹೊರಗೆ ಬರುವಾಗ ಏನೋ ದೊಡ್ಡ ಕೆಲಸ ಮುಗಿಸಿದ ಹಾಗೆ ಅನ್ನಿಸಿದ್ದಂತೂ ನಿಜ. ದೀಪ ಮಾತ್ರ ಹತ್ತಲಿಲ್ಲ.

ಆಗ ನೆನಪಾದವನು ಫರ್ನಾಂಡೊ ವುಡ್. 1855ರ ಜನವರಿಯಲ್ಲಿ ನ್ಯೂಯಾರ್ಕಿನ ಮೇಯರ್ ಆಗಿ ಕುರ್ಚಿಯಲ್ಲಿ ಕೂತವನು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ತನ್ನ ಕಚೇರಿಯಲ್ಲಿ ಒಂದು ದೂರಿನ ಪುಸ್ತಕ ಇಟ್ಟಿದ್ದು. ಯಾರು ಬೇಕಾದರೂ ಬರಬಹುದು, ಬೀದಿಯ ಹೊಲಸು, ಪೊಲೀಸರ ಸೋಮಾರಿತನ, ಏನು ಬೇಕಾದರೂ ಬರೆಯಬಹುದು. ಊರಿಗೆ ಊರೇ ಖುಷಿಯಾಯಿತು. ಅಲ್ಲಿಯವರೆಗೆ ಅವನನ್ನು ಕಳ್ಳ ಅಂತ ಬರೆಯುತ್ತಿದ್ದ ಪತ್ರಿಕೆಗಳೂ 'ಮಾದರಿ ಮೇಯರ್' ಅನ್ನಲು ಶುರು ಮಾಡಿದವು.

ಕಳ್ಳ ಅಂತ ಯಾಕೆ ಬರೆಯುತ್ತಿದ್ದರು ಅನ್ನೋದಕ್ಕೆ ಆಮೇಲೆ ಬರುತ್ತೇನೆ. ಮೊದಲು ಇವನು ನನಗೆ ಸಿಕ್ಕಿದ್ದು ಹೇಗೆ ಅಂತ ಹೇಳಿಬಿಡುತ್ತೇನೆ. ಗದಗದಲ್ಲಿ ನಮ್ಮಜ್ಜನದು ಹತ್ತಿ ದಲಾಲಿ ಅಂಗಡಿ. ಆ ಕಡೆ ಬೆಳೆಯುತ್ತಿದ್ದ ಹತ್ತಿಗೆ 'ಧಾರವಾಡ-ಅಮೆರಿಕನ್' ಅಂತ ಯಾಕೆ ಹೆಸರು ಬಂತು ಅಂತ ಹುಡುಕುತ್ತಾ ಹೋದವನು, ಅಮೆರಿಕದಿಂದ ಬಂದ ಬೀಜ, ಅಲ್ಲಿಯ ಅಂತರ್ಯುದ್ಧ, ಬಂದರು ಬಂದ್ ಆಗಿದ್ದು, ನಮ್ಮ ಹತ್ತಿಗೆ ಬಂದ ಚಿನ್ನದಂಥ ಬೆಲೆ, ಹೀಗೆ ದಾರ ಹಿಡಿದು ಎಳೆಯುತ್ತಾ ನ್ಯೂಯಾರ್ಕಿನ ಸಿಟಿ ಹಾಲ್‌ಗೆ ಹೋಗಿ ನಿಂತೆ. ಅಲ್ಲಿ ಕೂತಿದ್ದವನು ಈ ವ್ಯಾಪಾರಿ.

ಅಜ್ಜನಿಗೆ ರಾಜಕೀಯಕ್ಕೆ ಇಳಿದ ವ್ಯಾಪಾರಿಗಳ ಬಗ್ಗೆ ಒಂದು ಮಾತಿತ್ತು. "ತಮ್ಮಾ, ತಕ್ಕಡಿ ಹಿಡದಾಂವ ಊರು ಹಿಡದ್ರ, ಊರನ್ನೂ ತೂಗತಾನ." ಇದು ಹೊಗಳಿಕೆಯೋ ಬೈಗುಳವೋ ಅಂತ ನನಗೆ ಕಡೆಗೂ ಗೊತ್ತಾಗಲಿಲ್ಲ. ಕೇಳಿದರೆ ನಗುತ್ತಿದ್ದ.

ವುಡ್ ಹುಟ್ಟಿದ್ದು 1812ರಲ್ಲಿ, ಫಿಲಡೆಲ್ಫಿಯಾದಲ್ಲಿ. ಫರ್ನಾಂಡೊ ಅನ್ನೋದು ಅವರ ಕಡೆಯ ಹೆಸರಲ್ಲ. ಬಸುರಿಯಾಗಿದ್ದಾಗ ತಾಯಿ ಓದುತ್ತಿದ್ದ ಒಂದು ಕಾದಂಬರಿಯ ನಾಯಕನ ಹೆಸರಂತೆ. ಅಪ್ಪ ಬಟ್ಟೆ ವ್ಯಾಪಾರಿ, ದಿವಾಳಿಯಾದ. ಮನೆಯವರು ನ್ಯೂಯಾರ್ಕಿಗೆ ಬಂದರು. ಹುಡುಗ ಹದಿಮೂರಕ್ಕೇ ಶಾಲೆ ಬಿಟ್ಟು ಸಿಕ್ಕ ಸಿಕ್ಕ ಕೆಲಸ ಮಾಡಿದ. ಆಮೇಲೆ ತಂಬಾಕು, ವೈನ್ ಮಾರುವ ಸಣ್ಣ ಅಂಗಡಿ ಇಟ್ಟ. ಅದು ನಡೆಯಲಿಲ್ಲ. ಹಡಗು ಕಟ್ಟೆಯ ಹತ್ತಿರ ಕಿರಾಣಿ ಮತ್ತು ಸಾರಾಯಿ ಅಂಗಡಿ ಹಾಕಿದ. ಅದು ನಡೆಯಿತು. ಕಟ್ಟೆಯ ಹಮಾಲರು, ಆಗಷ್ಟೇ ಹಡಗಿನಿಂದ ಇಳಿದ ಐರಿಶ್ ಹುಡುಗರು, ಎಲ್ಲರೂ ಅವನ ಗಿರಾಕಿಗಳೇ. ಕುಡಿಸುತ್ತಾ ಮಾತಾಡಿಸುತ್ತಾ ಅವರ ಕಷ್ಟ ಸುಖ ಎಲ್ಲಾ ಕೇಳಿಕೊಂಡ. ಆ ಊರಿನಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ಮತ ಕೂಡಿಸುವ ಸಂಘಟನೆ ಟಾಮನಿ ಹಾಲ್. ಅದಕ್ಕೆ ಇಂಥ ಅಂಗಡಿಯವನಿಗಿಂತ ಬೇರೆ ಏನು ಬೇಕು? 1840ರಲ್ಲಿ, ಇನ್ನೂ ಮೂವತ್ತು ತುಂಬದವನು, ಅಮೆರಿಕದ ಸಂಸತ್ತಿಗೆ ಗೆದ್ದ.

ಆ ಚುನಾವಣೆಯಲ್ಲೇ ಮೊದಲ ಕಪ್ಪು ಚುಕ್ಕೆ. ಬ್ಯಾಂಕಿನವರು ತಪ್ಪಿ ಇವನ ಖಾತೆಗೆ ಸಾವಿರಕ್ಕೂ ಜಾಸ್ತಿ ಡಾಲರ್ ಜಮೆ ಮಾಡಿದ್ದರು. ಇವನು ಸುಮ್ನೆ ತೆಗೆದುಕೊಂಡು ಖರ್ಚು ಮಾಡಿಕೊಂಡ. ವಿರೋಧಿಗಳು ಅದನ್ನು ಪತ್ರಿಕೆಯಲ್ಲಿ ಹಾಕಿಸಿದರು. ಆದರೂ ಗೆದ್ದ. ಎರಡು ವರ್ಷ ಆದ ಮೇಲೆ ಸೋತು ಮತ್ತೆ ವ್ಯಾಪಾರಕ್ಕೇ ಬಂದ, ಈ ಸಲ ಹಡಗು ವ್ಯಾಪಾರ.

ಇನ್ನು ಆ 'ಕಳ್ಳ' ಅನ್ನುವ ಮಾತು. 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕ ಸುದ್ದಿ ಬಂತು. ಚಿನ್ನ ಅಗೆಯುವವನಿಗಿಂತ ಅವನಿಗೆ ಸಲಿಕೆ, ಹಿಟ್ಟು, ಬೂಟು ಮಾರುವವನೇ ಹೆಚ್ಚು ಗಳಿಸುತ್ತಾನೆ ಅನ್ನೋದು ವುಡ್‌ಗೆ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಕೈಯಲ್ಲಿ ಅಷ್ಟು ದುಡ್ಡಿಲ್ಲ. ಎಡ್ವರ್ಡ್ ಮಾರ್ವೈನ್ ಅಂತ ನೆಂಟ ಒಬ್ಬನಿದ್ದ. ಅವನಿಗೆ ಒಂದು ಪತ್ರ ತೋರಿಸಿದ. ಅಲ್ಲಿಂದಲೇ ಬಂದ ಪತ್ರ, ಇಂಥಿಂಥ ಸಾಮಾನಿಗೆ ಭಾರೀ ಬೇಡಿಕೆ ಇದೆ ಅಂತ. ಪತ್ರ ಸುಳ್ಳು. ನೆಂಟ ದುಡ್ಡು ಹಾಕಿದ, ಸಾಮಾನು ತುಂಬಿದ ಹಡಗು ಹೋಯಿತು, ಲಾಭವೂ ಬಂತು. ಅಲ್ಲಿಗೇ ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವೇನೋ. ಖರೀದಿಯ ಬಿಲ್ಲುಗಳನ್ನೂ ಉಬ್ಬಿಸಿ ನೆಂಟನಿಗೆ ತೋರಿಸಿದ್ದ. ಲೆಕ್ಕ ತೆಗೆಸಿದಾಗ ಎಲ್ಲಾ ಹೊರಗೆ ಬಿತ್ತು, ಕೋರ್ಟಿಗೂ ಹೋಯಿತು. ಆದರೆ ಕ್ರಿಮಿನಲ್ ಕೇಸು ಹಾಕುವ ಹೊತ್ತಿಗೆ ಕಾನೂನಿನ ಅವಧಿ ಮೀರಿತ್ತು, ಬಿದ್ದು ಹೋಯಿತು.

ಈ ಭಾಗ ಓದಿದಾಗ ನನಗೆ ಸಿಟ್ಟು ಬಂದಿದ್ದು ಸುಳ್ಳು ಪತ್ರಕ್ಕಲ್ಲ, ಬಿಲ್ಲಿಗೆ. ದಲಾಲಿ ಅಂಗಡಿಯಲ್ಲಿ ಬೆಳೆದವರಿಗೆ ಇದು ಅರ್ಥವಾಗುತ್ತೆ. ಬೆಲೆಯ ಬಗ್ಗೆ ಎಲ್ಲರೂ ಸುಳ್ಳು ಹೇಳುತ್ತಾರೆ, ಹೇಳಬೇಕು ಕೂಡ, ಅದು ಆಟದ ಭಾಗ. ಆದರೆ ಪಾಲುದಾರನಿಗೆ ತೋರಿಸುವ ಕಿರ್ದಿಯಲ್ಲಿ ಸುಳ್ಳು ಬರೆಯೋದು ಬೇರೆ. ಅಜ್ಜನ ಕಿರ್ದಿ ಪುಸ್ತಕದ ಕೆಂಪು ಬಟ್ಟೆಯ ಹೊದಿಕೆ ಮುಟ್ಟಿ ಜನ ಆಣೆ ಮಾಡುತ್ತಿದ್ದರು!

ಹಡಗಿನ ಲಾಭವನ್ನು ವುಡ್ ಮ್ಯಾನ್‌ಹಟನ್‌ನ ಜಮೀನಿಗೆ ಹಾಕಿದ. ಊರು ಉತ್ತರಕ್ಕೆ ಬೆಳೆಯುತ್ತಿತ್ತು, ಜಮೀನು ಉತ್ತರದಲ್ಲಿತ್ತು. ಶ್ರೀಮಂತನಾದ. ವ್ಯಾಪಾರ ಬಿಟ್ಟು ಪೂರ್ತಿ ರಾಜಕೀಯಕ್ಕೆ ಇಳಿದ. 1850ರಲ್ಲಿ ಮೇಯರ್ ಸ್ಥಾನಕ್ಕೆ ನಿಂತು ಸೋತ. 1854ರಲ್ಲಿ ವಿರೋಧಿಗಳು ಮೂರು ಹೋಳಾಗಿದ್ದರಿಂದ ಮೂರನೇ ಒಂದು ಪಾಲು ಮತಗಳಲ್ಲೇ ಗೆದ್ದ.

ಗೆದ್ದವನು ಎಲ್ಲರ ನಿರೀಕ್ಷೆ ಸುಳ್ಳು ಮಾಡಿದ, ಅದೇ ಇವನ ವಿಶೇಷ. ಸಾರಾಯಿ ಮಾರಿ ಬೆಳೆದವನು ಭಾನುವಾರ ಸಾರಾಯಿ ಅಂಗಡಿ ಮುಚ್ಚಿಸಿದ. ದೂರಿನ ಪುಸ್ತಕ ಇಟ್ಟ. ಸೆಂಟ್ರಲ್ ಪಾರ್ಕಿಗೆ ಗುರುತಿಸಿದ್ದ ಜಾಗದಲ್ಲಿ ದಕ್ಷಿಣದ ತುದಿಯನ್ನು ಕತ್ತರಿಸಬೇಕು ಅಂತ ನಗರ ಸಭೆ 1855ರಲ್ಲಿ ತೀರ್ಮಾನ ಮಾಡಿದಾಗ ಇವನು ವೀಟೊ ಹಾಕಿದ. ಈವತ್ತು 59ನೇ ಬೀದಿಯಿಂದ ಪಾರ್ಕಿನ ಒಳಗೆ ಕಾಲಿಡುವವರು ಒಂದು ಕ್ಷಣ ಇವನನ್ನು ನೆನೆಯಬೇಕು, ಆ ವೀಟೊ ಇಲ್ಲದಿದ್ದರೆ ಪಾರ್ಕು 72ನೇ ಬೀದಿಯಿಂದ ಶುರುವಾಗುತ್ತಿತ್ತು. ಪಾರ್ಕಾದರೆ ಊರಿನ ಮೇಲ್ಭಾಗದ ಜಮೀನಿಗೆ ಬೆಲೆ ಏರುತ್ತೆ, ಅವನ ಜಮೀನು ಆ ಕಡೆಯೇ ಇತ್ತು, ಅದೂ ನಿಜ. ಎರಡೂ ನಿಜ ಆಗಬಾರದು ಅಂತ ಎಲ್ಲಿದೆ?

ಈಗ 1857. ಈ ಒಂದು ವರ್ಷದ ಮೇಲೇ ಬೇರೆ ಬರಹ ಬರೆಯಬಹುದು.

ನ್ಯೂಯಾರ್ಕ್ ರಾಜ್ಯದ ಶಾಸನ ಸಭೆ ಇರೋದು ಆಲ್ಬನಿಯಲ್ಲಿ. ಅಲ್ಲಿ ವಿರೋಧ ಪಕ್ಷದ ರಿಪಬ್ಲಿಕನ್ನರ ಕೈ ಮೇಲಾಗಿತ್ತು. ವುಡ್ ಕೈಯಲ್ಲಿದ್ದ ಪೊಲೀಸ್ ಪಡೆ ಅಂದರೆ ಕೆಲಸ ಕೊಡುವ ಯಂತ್ರ, ಚುನಾವಣೆಯ ದಿನ ಬೇಕಾದ ಹಾಗೆ ಕಣ್ಣು ಮುಚ್ಚುವ ಯಂತ್ರ. ಅವರು ಅದನ್ನೇ ಕಿತ್ತುಕೊಂಡರು. ಊರಿನ ಪೊಲೀಸ್ ರದ್ದು, ಇನ್ನು ಮೇಲೆ ರಾಜ್ಯಪಾಲರು ನೇಮಿಸಿದ ಮಂಡಳಿಯ ಕೆಳಗೆ ಮೆಟ್ರೊಪಾಲಿಟನ್ ಪೊಲೀಸ್ ಅಂತ ಕಾನೂನು ಮಾಡಿದರು. ವುಡ್ ಒಪ್ಪಲಿಲ್ಲ. ಸುಮಾರು 800 ಪೊಲೀಸರು ಇವನ ಜೊತೆ ಉಳಿದರು, 300ರಷ್ಟು ಜನ ಹೊಸ ಪಡೆಗೆ ಹೋದರು. ಕೆಲವು ವಾರ ಊರಿನಲ್ಲಿ ಎರಡು ಪೊಲೀಸ್ ಪಡೆ! ಒಬ್ಬ ಹಿಡಿದ ಕಳ್ಳನನ್ನು ಇನ್ನೊಬ್ಬ ಬಿಡಿಸುತ್ತಿದ್ದ ಅಂತ ಕತೆಗಳಿವೆ.

ಜೂನ್ 16. ಬೀದಿಗಳ ಉಸ್ತುವಾರಿ ನೋಡುವ ಅಧಿಕಾರಿಯ ಹುದ್ದೆಗೆ ರಾಜ್ಯಪಾಲರು ಡ್ಯಾನಿಯಲ್ ಕಾನೋವರ್ ಅನ್ನುವವನನ್ನು ನೇಮಿಸಿದ್ದರು. ಅದೇ ಹುದ್ದೆಗೆ ವುಡ್ ತನ್ನವನನ್ನು ಕೂರಿಸಿದ್ದ. ಕಾನೋವರ್ ಅಧಿಕಾರ ವಹಿಸಿಕೊಳ್ಳಲು ಸಿಟಿ ಹಾಲ್‌ಗೆ ಬಂದರೆ ಕತ್ತು ಹಿಡಿದು ಹೊರಗೆ ದಬ್ಬಿದರು. ಅವನು ಸೀದಾ ಹೋಗಿ ಮೇಯರ್ ಮೇಲೆ ವಾರಂಟ್ ತಂದ. ವಾರಂಟ್ ಹಿಡಿದು ಜಾರ್ಜ್ ವಾಲಿಂಗ್ ಅನ್ನುವ ಕ್ಯಾಪ್ಟನ್ ಒಬ್ಬನೇ ಒಳಗೆ ಹೋದ. ಈ ವಾಲಿಂಗ್ ನಿನ್ನೆ ಮೊನ್ನೆಯವರೆಗೆ ವುಡ್ ಕೈಕೆಳಗೇ ಇದ್ದವನು. ಆ ದೃಶ್ಯ ಯೋಚನೆ ಮಾಡಿ. ದೊಡ್ಡ ಮೇಜಿನ ಹಿಂದೆ ಎತ್ತರದ, ತೆಳ್ಳಗಿನ, ಚೆಂದ ಬಟ್ಟೆ ತೊಟ್ಟ ಮೇಯರ್. ಎದುರಿಗೆ ಅವನ ಹಳೇ ನೌಕರ, ಕೈಯಲ್ಲಿ ಕಾಗದ. ನಿಮ್ಮನ್ನು ಹಿಡಿಯಲು ಬಂದಿದ್ದೇನೆ ಅಂದ. ನೀನು ಪೊಲೀಸ್ ಅಂತಲೇ ನಾನು ಒಪ್ಪಲ್ಲ ಅಂದ ಮೇಯರ್. ವಾಲಿಂಗ್‌ನನ್ನೂ ಹೊರಗೆ ಹಾಕಿದರು.

ಆಮೇಲೆ ಮೆಟ್ರೊಪಾಲಿಟನ್ ಪಡೆಯವರು ಸಾಲಾಗಿ ಬಂದರು. ಸಿಟಿ ಹಾಲ್‌ನ ಮೆಟ್ಟಿಲ ಮೇಲೆ ಪೊಲೀಸರೇ ಪೊಲೀಸರಿಗೆ ಲಾಠಿಯಲ್ಲಿ ಬಡಿದರು. ಜೊತೆಗೆ ವುಡ್ ಕಡೆಯ ಪುಂಡರ ಗುಂಪು. ಹೊಸ ಪಡೆಯವರೇ ಜಾಸ್ತಿ ಪೆಟ್ಟು ತಿಂದರು. ಅದೇ ಹೊತ್ತಿಗೆ ರಾಜ್ಯದ ಸೇನಾ ಪಡೆಯ ಏಳನೇ ರೆಜಿಮೆಂಟ್ ಬಾಸ್ಟನ್‌ಗೆ ಹೋಗುವ ಹಡಗು ಹತ್ತಲು ಬ್ರಾಡ್‌ವೇಯಲ್ಲಿ ಹೋಗುತ್ತಿತ್ತು. ಅವರನ್ನು ಕರೆದು ನಿಲ್ಲಿಸಿದ ಮೇಲೆ ಮೇಯರ್ ಸುಮ್ಮನೆ ಶರಣಾದ. ಜಾಮೀನು ಸಿಕ್ಕಿತು. ಜುಲೈ ಮೊದಲ ವಾರದಲ್ಲಿ ರಾಜ್ಯದ ಕೋರ್ಟು ಹೊಸ ಕಾನೂನು ಸರಿ ಅಂತ ತೀರ್ಪು ಕೊಟ್ಟಿತು, ವುಡ್ ತನ್ನ ಪೊಲೀಸ್ ಪಡೆ ಬರಖಾಸ್ತು ಮಾಡಬೇಕಾಯಿತು.

ಅಷ್ಟರಲ್ಲಿ ಆಗಸ್ಟ್ ಕೊನೆಯಲ್ಲಿ ಒಂದು ದೊಡ್ಡ ಹಣಕಾಸು ಸಂಸ್ಥೆ ಮುಳುಗಿ ದೇಶವೇ ತತ್ತರಿಸಿತು. ಬ್ಯಾಂಕುಗಳು ಬಾಗಿಲು ಹಾಕಿದವು, ಕಾರ್ಖಾನೆಗಳು ನಿಂತವು, ಚಳಿಗಾಲ ಬಾಗಿಲಲ್ಲಿ ಬಂದು ಕೂತಿತ್ತು. ಆಗ ವುಡ್ ಮಾಡಿದ ಪ್ರಸ್ತಾಪ ನನ್ನನ್ನು ಇನ್ನೂ ಕಾಡುತ್ತೆ. ನಗರವೇ 50,000 ಪೀಪಾಯಿ ಗೋಧಿ ಹಿಟ್ಟು, ಜೊತೆಗೆ ಜೋಳದ ಹಿಟ್ಟು, ಆಲೂಗಡ್ಡೆ ಖರೀದಿ ಮಾಡಲಿ. ಕೆಲಸ ಇಲ್ಲದವರನ್ನು ರಸ್ತೆ, ಪಾರ್ಕು ಕೆಲಸಕ್ಕೆ ಹಚ್ಚಲಿ. ಕೂಲಿಯನ್ನು ಈ ದಿನಸಿಯಲ್ಲಿ, ಕೊಂಡ ಬೆಲೆಗೇ ಲೆಕ್ಕ ಹಾಕಿ ಕೊಡಲಿ. ಈ ಊರಲ್ಲಿ ಎಲ್ಲವನ್ನೂ ದುಡಿದು ಮಾಡುವವರಿಗೆ ಏನೂ ಸಿಗಲ್ಲ, ಏನೂ ಮಾಡದವರಿಗೆ ಎಲ್ಲಾ ಸಿಗುತ್ತೆ ಅನ್ನುವ ಅರ್ಥದ ಮಾತನ್ನೂ ಸೇರಿಸಿದ. ಊರಿನ ದೊಡ್ಡ ವ್ಯಾಪಾರಿಗಳು ಹೌಹಾರಿದರು. ನಮ್ಮವನೇ ಅಂದುಕೊಂಡಿದ್ದ ಅಂಗಡಿಯವನು ಬಡವರನ್ನು ನಮ್ಮ ಮೇಲೆ ಎತ್ತಿ ಕಟ್ಟುತ್ತಿದ್ದಾನೆ ಅಂದರು.

ನನಗೆ ಇದರಲ್ಲಿ ಕಂಡಿದ್ದು ಹಳೇ ಕಿರಾಣಿ ಅಂಗಡಿಯವನ ಬುದ್ಧಿ. ಸಗಟಿನಲ್ಲಿ ತಗೊಂಡರೆ ಹಿಟ್ಟು ಎಷ್ಟಕ್ಕೆ ಬೀಳುತ್ತೆ, ಚಿಲ್ಲರೆಯಲ್ಲಿ ಬಡವ ಎಷ್ಟು ಕೊಡುತ್ತಾನೆ ಅನ್ನುವ ವ್ಯತ್ಯಾಸ ಅವನಿಗೆ ಬಾಯಿಪಾಠ. ಅದೇ ವ್ಯತ್ಯಾಸದಲ್ಲಿ ಅವನು ಬದುಕಿದ್ದು. ಆ ವ್ಯತ್ಯಾಸವನ್ನು ಈ ಒಂದು ಸಲ ಬಡವನಿಗೆ ಬಿಟ್ಟುಕೊಡಿ ಅಂದ. ಚುನಾವಣೆಗೆ ಆರು ವಾರವೂ ಇರಲಿಲ್ಲ, ಗೊತ್ತು. ಆದರೂ ಅನ್ನಬೇಕಾದ ಮಾತು ಅದೇ ಆಗಿತ್ತು ಅಲ್ವಾ? ಹಿಟ್ಟಿನ ಯೋಜನೆ ನಡೆಯಲಿಲ್ಲ. ಡಿಸೆಂಬರ್‌ನಲ್ಲಿ ಡ್ಯಾನಿಯಲ್ ಟೀಮನ್ ಅನ್ನುವ ಬಣ್ಣದ ಕಾರ್ಖಾನೆಯವನ ಎದುರು ವುಡ್ ಸೋತ.

ಟಾಮನಿಯವರೂ ಕೈಬಿಟ್ಟರು. ಇವನು 'ಮೊಜಾರ್ಟ್ ಹಾಲ್' ಅಂತ ತನ್ನದೇ ಗುಂಪು ಕಟ್ಟಿಕೊಂಡು 1859ರ ಕೊನೆಗೆ ಮತ್ತೆ ಗೆದ್ದು ಬಂದ. ಈಗ ಹತ್ತಿಯ ವಿಷಯಕ್ಕೆ ಬಂದೆವು.

ಅಮೆರಿಕದ ದಕ್ಷಿಣದಲ್ಲಿ ಗುಲಾಮರು ಬೆಳೆದ ಹತ್ತಿ ಲಿವರ್‌ಪೂಲ್‌ಗೆ ಹೋಗುತ್ತಿತ್ತು, ಆದರೆ ಅದರ ಸಾಲ, ವಿಮೆ, ಹಡಗು, ದಲಾಲಿ ಎಲ್ಲಾ ನ್ಯೂಯಾರ್ಕಿನದು. ದಕ್ಷಿಣದ ಜಮೀನ್ದಾರರು ಬಟ್ಟೆ, ಯಂತ್ರ, ಪೀಠೋಪಕರಣ ಎಲ್ಲವನ್ನೂ ನ್ಯೂಯಾರ್ಕಿನಿಂದಲೇ ಉದ್ರಿ ತರುತ್ತಿದ್ದರು. ಬೆಳೆ ಬಂದ ಮೇಲೆ ತೀರಿಸೋದು. ನಮ್ಮ ಕಡೆಯ ರೈತ ಮತ್ತು ದಲಾಲಿಯ ಲೆಕ್ಕವೇ, ಗಾತ್ರ ದೊಡ್ಡದು ಅಷ್ಟೇ. ಈಗ ದಕ್ಷಿಣದವರು ಬೇರೆ ದೇಶ ಮಾಡಿಕೊಂಡರೆ ಆ ಉದ್ರಿ ಯಾರು ವಸೂಲಿ ಮಾಡಬೇಕು? 1860ರ ಡಿಸೆಂಬರ್‌ನಲ್ಲಿ ಸೌತ್ ಕ್ಯಾರೊಲೈನಾ ಒಕ್ಕೂಟ ಬಿಟ್ಟಿತು. 1861ರ ಜನವರಿ ಮೊದಲ ವಾರದಲ್ಲಿ ವುಡ್ ನಗರ ಸಭೆಗೆ ಒಂದು ಸಂದೇಶ ಕಳಿಸಿದ. ಒಕ್ಕೂಟ ಹೇಗೂ ಒಡೆಯುತ್ತಿದೆ, ನ್ಯೂಯಾರ್ಕ್ ಯಾಕೆ ತಾನೇ ಸ್ವತಂತ್ರ ನಗರ ಆಗಬಾರದು? ಮ್ಯಾನ್‌ಹಟನ್, ಲಾಂಗ್ ಐಲ್ಯಾಂಡ್, ಸ್ಟೇಟನ್ ಐಲ್ಯಾಂಡ್, ಮೂರು ದ್ವೀಪ ಸೇರಿದ 'ಟ್ರೈ-ಇನ್ಸುಲಾ'. ಆಮದಿನ ಮೇಲೆ ಸಣ್ಣ ಸುಂಕ ಹಾಕಿದರೆ ಸಾಕು, ಜನರ ಮೇಲೆ ತೆರಿಗೆಯೇ ಬೇಡ.

ಲೆಕ್ಕ ಸುಳ್ಳಲ್ಲ. ಆಗ ದೇಶದಲ್ಲಿ ಆದಾಯ ತೆರಿಗೆ ಇರಲಿಲ್ಲ, ಸರ್ಕಾರ ನಡೆಯುತ್ತಿದ್ದುದೇ ಹೆಚ್ಚಾಗಿ ಸುಂಕದ ಮೇಲೆ, ಆ ಸುಂಕದ ದೊಡ್ಡ ಪಾಲು ಬರುತ್ತಿದ್ದುದು ನ್ಯೂಯಾರ್ಕ್ ಬಂದರಿನಿಂದ. ಗಲ್ಲಾಪೆಟ್ಟಿಗೆ ನಮ್ಮಲ್ಲಿದೆ, ಹಾಗಿದ್ದ ಮೇಲೆ ಅಂಗಡಿ ಬೇರೆ ಮಾಡಿಕೊಳ್ಳೋಣ ಅನ್ನುವ ತರ್ಕ. ಆ ಲೆಕ್ಕದ ಅಡಿಯಲ್ಲಿ ಸುಮಾರು ನಲವತ್ತು ಲಕ್ಷ ಗುಲಾಮರು ಇದ್ದರು. ಅವರಿಗೆ ಇವನ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ, ದೂರಿನ ಪುಸ್ತಕದಲ್ಲೂ ಇಲ್ಲ, ಲೆಕ್ಕದ ಪುಸ್ತಕದಲ್ಲೂ ಇಲ್ಲ.

ಅದೇ ತಿಂಗಳು ಒಂದು ಮಜಾ ನಡೆಯಿತು. ದಕ್ಷಿಣದ ಜಾರ್ಜಿಯಾ ರಾಜ್ಯಕ್ಕೆ ಹೊರಟಿದ್ದ ಹಡಗಿನಲ್ಲಿ ಪೆಟ್ಟಿಗೆಗಟ್ಟಲೆ ಬಂದೂಕು ಸಿಕ್ಕಿ ನ್ಯೂಯಾರ್ಕ್ ಪೊಲೀಸರು ಜಪ್ತಿ ಮಾಡಿದರು. ಜಾರ್ಜಿಯಾದ ನಾಯಕ ರಾಬರ್ಟ್ ಟೂಂಬ್ಸ್ ಸಿಟ್ಟಿನಿಂದ ವುಡ್‌ಗೆ ತಂತಿ ಹೊಡೆದ. ಹೌದು, ಜಪ್ತಿ ಆಗಿದೆ, ನನಗೂ ಬೇಸರ, ಆದರೆ ಆ ಪೊಲೀಸರು ನನ್ನ ಕೈಯಲ್ಲಿಲ್ಲ ಅಂತ ವುಡ್ ಉತ್ತರ ಕೊಟ್ಟ. 1857ರಲ್ಲಿ ಮೆಟ್ಟಿಲ ಮೇಲೆ ಪೆಟ್ಟು ತಿಂದಿದ್ದ ಪಡೆಯೇ ಅದು.

ಫೆಬ್ರವರಿ 20ಕ್ಕೆ ಲಿಂಕನ್ ಬಂದ. ಅಧ್ಯಕ್ಷನಾಗಿ ಪ್ರಮಾಣ ವಚನಕ್ಕೆ ವಾಷಿಂಗ್ಟನ್‌ಗೆ ಹೋಗುವ ದಾರಿಯಲ್ಲಿ ಸಿಟಿ ಹಾಲ್‌ನಲ್ಲಿ ಸ್ವಾಗತ. ವುಡ್ ತನ್ನ ಭಾಷಣದಲ್ಲಿ ಊರಿನ ವ್ಯಾಪಾರ ಹಾಳಾಗುತ್ತಿದೆ, ನೀವೇ ಸರಿ ಮಾಡಬೇಕು ಅಂತ ಮತ್ತೆ ಮತ್ತೆ ಒತ್ತಿ ಹೇಳಿದ. ಸ್ವಾಗತಕ್ಕಿಂತ ತಗಾದೆಯೇ ಜಾಸ್ತಿ ಇತ್ತು ಅನ್ನಬಹುದು. ಲಿಂಕನ್ ಜಗಳ ಆಡಲಿಲ್ಲ. ಹಡಗು ಇರೋದು ಸರಕು ಹೊತ್ತು ಕಾಪಾಡುವುದಕ್ಕೆ ಅಂತ ನನ್ನ ತಿಳುವಳಿಕೆ, ಹಡಗು ಸರಕು ಎರಡೂ ಉಳಿಯುವ ತನಕ ಹಡಗನ್ನು ಕೈಬಿಡಬಾರದು, ಅಂತ ಮೆಲ್ಲಗೆ ಹೇಳಿದ. ಒಕ್ಕೂಟವೇ ಆ ಹಡಗು. ಎದುರಿಗೆ ನಿಂತವನು ಹಡಗು ವ್ಯಾಪಾರಿ ಅಂತ ಗೊತ್ತಿದ್ದೇ ಈ ಉಪಮೆ ಎತ್ತಿಕೊಂಡನೋ ಏನೋ, ಕೂತಿದ್ದವರಲ್ಲಿ ಯಾರಾದರೂ ಒಬ್ಬರು ಮಾರ್ವೈನ್‌ನ ಸರಕು ನೆನೆದು ಮೀಸೆಯಲ್ಲೇ ನಕ್ಕಿರಬೇಕು ಅಂತ ನನ್ನ ಊಹೆ.

ಏಪ್ರಿಲ್‌ನಲ್ಲಿ ಸೌತ್ ಕ್ಯಾರೊಲೈನಾದಲ್ಲಿದ್ದ ಒಕ್ಕೂಟದ ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರ ಗುಂಡು ಬಿದ್ದು ಯುದ್ಧ ಶುರುವಾದಾಗ ಊರಿನ ಮನಸ್ಸು ಒಂದೇ ರಾತ್ರಿಗೆ ತಿರುಗಿತು. ವುಡ್ ಕೂಡ ತಿರುಗಿದ. ಏಪ್ರಿಲ್ 20ಕ್ಕೆ ಯೂನಿಯನ್ ಸ್ಕ್ವೇರ್‌ನ ಭಾರೀ ಸಭೆಯಲ್ಲಿ ಒಕ್ಕೂಟದ ಪರ ಭಾಷಣ ಮಾಡಿದ. ಗಿರಾಕಿ ಬದಲಾದರೆ ಅಂಗಡಿಯ ಮುಂದಿನ ಬೋರ್ಡೂ ಬದಲಾಗಬೇಕು! ಜನ ನಂಬಲಿಲ್ಲ, ಆ ವರ್ಷದ ಕೊನೆಗೆ ಸೋಲಿಸಿದರು. ಯುದ್ಧ ನಾಲ್ಕು ವರ್ಷ ನಡೆಯಿತು. ಅದೇ ಕಾಲಕ್ಕೆ ಧಾರವಾಡ, ಹುಬ್ಬಳ್ಳಿ, ಗದಗದ ಹತ್ತಿಗೆ ಬೆಲೆ ಆಕಾಶಕ್ಕೆ ಏರಿ, 1865ರಲ್ಲಿ ಯುದ್ಧ ಮುಗಿದ ಮೇಲೆ ಧೊಪ್ಪನೆ ಬಿತ್ತು.

ವುಡ್ 1862ರಲ್ಲಿ ಮತ್ತೆ ಸಂಸತ್ತಿಗೆ ಗೆದ್ದ. ಮಧ್ಯೆ ಎರಡು ವರ್ಷ ಬಿಟ್ಟರೆ ಸಾಯುವ ತನಕ ಅಲ್ಲೇ ಇದ್ದ. ಗುಲಾಮಗಿರಿ ರದ್ದು ಮಾಡುವ, ಸಂವಿಧಾನದ ಹದಿಮೂರನೇ ತಿದ್ದುಪಡಿಯನ್ನು ಹಲ್ಲು ಕಚ್ಚಿ ವಿರೋಧಿಸಿದ. ಅವನ ವಾದಗಳಲ್ಲಿ ಒಂದು, ಇದು ಖಾಸಗಿ ಆಸ್ತಿ ಕಿತ್ತುಕೊಂಡಂತೆ ಅನ್ನೋದು. ಮನುಷ್ಯರ ಬಗ್ಗೆ ಆಡಿದ ಮಾತು ಇದು. 1857ರ ಹಿಟ್ಟಿನ ಮಾತಾಡಿದ ಬಾಯೂ ಇದೇ. 1865ರ ಜನವರಿ 31ಕ್ಕೆ 119ಕ್ಕೆ 56 ಮತಗಳಲ್ಲಿ ತಿದ್ದುಪಡಿ ಪಾಸಾಯಿತು. 56ರಲ್ಲಿ ಒಂದು ಇವನದು. 1868ರಲ್ಲಿ ಸದನದಲ್ಲೇ ನಿಂತು ಸಂಸತ್ತನ್ನು ಹೀನಾಮಾನ ಬೈದು ಛೀಮಾರಿ ಹಾಕಿಸಿಕೊಂಡ. ಆದರೂ 1877ರಿಂದ ತೆರಿಗೆ ಮತ್ತು ಸುಂಕ ನೋಡಿಕೊಳ್ಳುವ, ಸದನದ ಅತಿ ಪ್ರಬಲ ಸಮಿತಿಯ ಅಧ್ಯಕ್ಷನಾದ. ಬಂದರಿನ ಸುಂಕವೆಲ್ಲ ತನ್ನ ಊರಿಗೇ ಇರಲಿ ಅಂದಿದ್ದವನ ಮೇಜಿಗೆ ಈಗ ಇಡೀ ದೇಶದ ಸುಂಕದ ಪಟ್ಟಿ ಬಂತು. ಅದನ್ನು ಬದಲಾಯಿಸಲು 1878ರಲ್ಲಿ ಒಂದು ಮಸೂದೆ ತಂದ, ಬಿದ್ದು ಹೋಯಿತು. 1881ರ ಫೆಬ್ರವರಿಯಲ್ಲಿ ಅರ್ಕನ್ಸಾಸ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ತೀರಿಕೊಂಡ.

ಇಷ್ಟು ಬರೆದು ಮುಗಿಸುವ ಮುಂಚೆ, ನಿನ್ನೆ ಮತ್ತೆ ಆ ಕಚೇರಿಗೆ ಹೋಗಿದ್ದೆ. ನನ್ನ ದೂರು ಏನಾಯಿತು ನೋಡೋಣ ಅಂತ ರಿಜಿಸ್ಟರ್ ತೆರೆದರೆ ಎಲ್ಲಾ ಖಾಲಿ. "ಅದು ತುಂಬಿತ್ರಿ ಸರ್, ಇದು ಹೊಸಾದು" ಅಂದರು. ಪೆನ್ನೂ ಹೊಸದು, ದಾರವೂ ಹೊಸದು. ಮೊದಲ ಪುಟದ ಮೊದಲ ಸಾಲಿನಲ್ಲಿ ಕಂಬದ ನಂಬರ್ ಬರೆದೆ.